ಹುಬ್ಬಳ್ಳಿ-ಧಾರವಾಡ ಸೀಮೆಯ ಸ್ಥಳನಾಮಗಳು ಮತ್ತು ಅವುಗಳ ದಾಖಲೆ

ಶರಣರ ಹೆಸರಿನೊಡನೆ ಅವರ ಊರ ಹೆಸರೂ ಬೆರೆತು ಬಂದಿರುವುದನ್ನು ವಚನ ಸಾಹಿತ್ಯದ ಅಭ್ಯಾಸಿಗಳೆಲ್ಲ ಬಲ್ಲರು. ಸೊನ್ನಲಿಗೆಯ ಸಿದ್ಧರಾಮ, ಹಾವಿನಹಾಳ ಕಲ್ಲಯ್ಯ ಎಂದೇ ನಾವು ಕರೆಯುತ್ತೇವೆ. ಅಣ್ಣನವರ ಅಂಕಿತದಲ್ಲಿ ಕೂಡಲಸಂಗಮ ನೆಲೆಸಿದೆ. ಆದಯ್ಯನ ಅಂಕಿತ ಸೌರಾಷ್ಟ್ರ ಸೋಮೇಶ್ವರ. ಆ ಸೋಮೇಶ್ವರನ ಗುಡಿ ಇರುವುದು ಪುಲಿಗೆರೆಯಲ್ಲಿ. ಆದರೆ ಇಂದಿನ ವಿದ್ಯಾರ್ಥಿಯೊಬ್ಬನು ನಕಾಶೆಯನ್ನು ಹರವಿಕೊಂಡು ಪುಲಿಗೆರೆಯನ್ನು ಹುಡುಕಿದರೆ ಅದು ಸಿಕ್ಕುವುದಿಲ್ಲ. ಅದು ಲಕ್ಷ್ಮೇಶ್ವರವಾಗಿದೆ, ೧೯೯೭ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದುದು ಈಗ ಗದಗ ಜಿಲ್ಲೆಗೆ ಸೇರಿದೆ. ಸೊನ್ನಲಿಗೆ ಸೊಲ್ಲಾಪುರವಾಗಿದೆ. ಇಂಥ ದೊಡ್ಡ ಊರುಗಳ ಗುರುತನ್ನು ಶಾಸನಗಳ ಬಲದಿಂದ ವಿದ್ವಾಂಸರು ಹಚ್ಚಿಕೊಟ್ಟಿದ್ದಾರೆ. ಶಾಸನದಲ್ಲಿ ಸೇರದ ಸಣ್ಣ ಹೆಸರುಗಳ ಗತಿಯೇನು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಸ್ಥಳನಾಮವೆಂದೊಡನೆ ಊರ ಹೆಸರಷ್ಟೇ ನೆನಪಿಗೆ ಬರುವುದು ವಾಡಿಕೆ. ಆದರೆ ಒಂದು ಊರ ಸೀಮೆಯೊಳಗೆ ಊರ ಹೆಸರು ಒಂದೇ ಇದ್ದರೆ, ಹಳ್ಳ, ಕೊಳ್ಳ, ಕೆರೆ, ದಿಬ್ಬ, ಕಟ್ಟೆ, ಓಣಿ, ಅಗಸಿ, ಹೊಲ, ಕಲ್ಲು ಇವುಗಳ ಹೆಸರು ಹತ್ತಾರು, ಕೆಲವೆಡೆ ನೂರಾರು. ಮಸಾರಿ ನೆಲವೂ ಎರೆ ನೆಲವೂ ಸಂಧಿಸುವ ನಮ್ಮ ಸೀಮೆಯಲ್ಲಿ ಈ ಸಂಪತ್ತು ವಿಶೇಷವಾಗಿದೆ. ಪಡುವಲಿಗೆ ಹೋದರೆ ಕೊಪ್ಪ, ಕೊಳ್ಳ, ಮಡ್ಡಿಗಳು. ಮೂಡಲಿಗೆ ಹೋದರೆ ಯರಿಹೊಲಗಳ ನಡುವೆ ಹರಿಯುವ ಬೆಣ್ಣಿಹಳ್ಳ, ತುಪ್ಪರಿಹಳ್ಳಗಳು. ಹೊಲದ ಹೆಸರನ್ನು ಕೇಳಿದರೆ ಸಾಕು, ಅದರ ಹಿಂದಿನ ಇತಿಹಾಸ ತೆರೆದುಕೊಳ್ಳುತ್ತದೆ. ತಳವಾರಕಿ ಹೊಲ, ಬಾರಕಿ ಹೊಲ, ಮಠದ ಹೊಲ, ಜಂಗಮರ ಹೊಲ ಎಂಬಿವು ಊರು ಯಾರ ಸೇವೆಗೆ ಯಾವ ನೆಲವನ್ನು ಬಿಟ್ಟಿತ್ತೆಂಬುದರ ಲೆಕ್ಕಪತ್ರಗಳೇ ಆಗಿವೆ. ಹುಡೇದ ಹೊಲವೆಂದರೆ ಅಲ್ಲೊಂದು ಕಾವಲು ಕೊತ್ತಳವಿತ್ತೆಂದು ಅರ್ಥ. ಹೊಲದ ನಡುವೆ ಒಂಟಿಯಾಗಿ ನಿಂತ 'ಹಾಳ ಹಣಮಪ್ಪ'ನನ್ನು ಕಂಡರೆ ಅಲ್ಲಿ ಹಿಂದೊಂದು ಊರಿದ್ದು ಹಾಳಾಯಿತೆಂದು ಹಿರಿಯರು ಹೇಳುತ್ತಾರೆ. ಸರಕಾರಿ ಕಾಗದಗಳು ಅಂಥದನ್ನು 'ಬೇಚರಾಕ್' ಎಂದು ಬರೆದು ಮುಂದೆ ಸಾಗುತ್ತವೆ.

ಈ ಸಣ್ಣ ಹೆಸರುಗಳನ್ನು ಊರೂರು ತಿರುಗಿ ಬರೆದುಕೊಂಡ ಪ್ರಯತ್ನವೊಂದು ಬಹು ದೂರದ ದೇಶದಲ್ಲಿ ನಡೆದಿದೆ. ಅದನ್ನು ನಮ್ಮ ವಾಚಕರು ತಿಳಿಯುವುದು ಒಳ್ಳೆಯದು. ಐರ್ಲೆಂಡಿನಲ್ಲಿ ಬ್ರಿಟಿಷ್ ಸರಕಾರವು ೧೮೨೪ರಲ್ಲಿ ಭೂಮಾಪನೆಯನ್ನು ಆರಂಭಿಸಿತು. ಮೈಲಿಗೆ ಆರು ಅಂಗುಲದ ಪ್ರಮಾಣದ ನಕಾಶೆಗಳು. ಅವುಗಳಲ್ಲಿ ಹೆಸರಿಸಬೇಕಾದ ಭೂಭಾಗಗಳೇ ಅರುವತ್ತು ಸಾವಿರಕ್ಕೂ ಮಿಕ್ಕಿದ್ದವು. ಅಳೆಯಬಂದ ಸೈನಿಕರಿಗೆ ಆ ನಾಡಿನ ಗೇಲಿಕ್ ಭಾಷೆ ತಿಳಿಯದು. ಆಗ ಜಾನ್ ಓ'ಡೊನೊವನ್ ಎಂಬ ವಿದ್ವಾಂಸನನ್ನು ಈ ಕಾರ್ಯಕ್ಕೆ ನೇಮಿಸಿಕೊಂಡರು. ಆತನು ಸೀಮೆಯಿಂದ ಸೀಮೆಗೆ ನಡೆದು, ಹಳೆಯ ದಸ್ತಾವೇಜುಗಳಲ್ಲಿನ ರೂಪಗಳನ್ನು ಒಂದೆಡೆ ಕಲೆಹಾಕಿ, ವೃದ್ಧರ ಬಾಯಿಂದ ಹೆಸರಿನ ಉಚ್ಚಾರವನ್ನು ಕೇಳಿ ಬರೆದುಕೊಂಡನು. ನಕಾಶೆಯ ಮೇಲೆ ಇಂಗ್ಲಿಷಿಗೆ ಒಗ್ಗಿಸಿದ ರೂಪವೇ ಅಚ್ಚಾಯಿತು, ನಿಜ. ಆದರೆ ಮೂಲ ರೂಪವು ಹೆಸರಿನ ವಹಿಗಳಲ್ಲಿ ಉಳಿದುಕೊಂಡಿತು. ಸ್ಕಾಟ್‌ಲೆಂಡಿನ ವಹಿಗಳಲ್ಲಿಯೂ ಹೆಸರು, ಅದರ ಬರಹದ ಭೇದಗಳು, ಹಾಗೆಂದು ಹೇಳಿದವರು ಯಾರು, ಸ್ಥಳ ಎಲ್ಲಿದೆ, ಹೇಗಿದೆ ಎಂದು ಪ್ರತ್ಯೇಕ ಅಂಕಣಗಳಿದ್ದವು. ಅಲ್ಲಿ ಪ್ರಮಾಣವೆಂದು ಕೇಳುತ್ತಿದ್ದುದು ಹೆಚ್ಚಾಗಿ ಜಮೀನುದಾರನನ್ನು, ಪಾದ್ರಿಯನ್ನು, ಶಾಲೆಯ ಮಾಸ್ತರನನ್ನು. ಆ ನೆಲದಲ್ಲಿ ದನ ಕಾಯುವವನನ್ನು ಕೇಳಿದ್ದು ಕಡಿಮೆ. ಮಾಸ್ತರಿಕೆಯಲ್ಲಿ ಆಯುಷ್ಯ ಕಳೆದ ನಾನೇ ಇದನ್ನು ಹೇಳಬೇಕು: ಹೊಲದ ಹೆಸರಿಗೆ ಮಾಸ್ತರನಿಗಿಂತ ಕುರುಬನೇ ಹೆಚ್ಚಿನ ಪ್ರಮಾಣ.

ಪ್ರಾಸಂಗಿಕವಾಗಿ ಒಂದು ಮಾತು. ಐರ್ಲೆಂಡಿನ ನಕಾಶೆಯಲ್ಲಿ 'ಬ್ಯಾಲಿ' ಎಂದು ಮೊದಲಾಗುವ ಊರುಗಳು ಅಸಂಖ್ಯ. ಗೇಲಿಕ್‌ನಲ್ಲಿ ಅದರ ಮೂಲಪದಕ್ಕೆ ಊರೆಂದೇ ಅರ್ಥ. ನಮ್ಮಲ್ಲಿಯೂ ಹುಬ್ಬಳ್ಳಿ, ಹೆಬ್ಬಳ್ಳಿಗಳುಂಟು. ಧ್ವನಿಸಾಮ್ಯವನ್ನು ಕಂಡು ಹಿಗ್ಗುವ ಉತ್ಸಾಹಿಗಳು ಇದರಿಂದ ದೊಡ್ಡ ಸಿದ್ಧಾಂತವನ್ನೇ ಕಟ್ಟಿಯಾರು! ಎರಡಕ್ಕೂ ಯಾವ ಸಂಬಂಧವೂ ಇಲ್ಲ.

ನಮ್ಮ ಬಳ್ಳಿಗೆ ನಮ್ಮದೇ ವ್ಯಾಕರಣವಿದೆ. ಧಾರವಾಡದ ನೆರೆಯ ಹೆಬ್ಬಳ್ಳಿಯನ್ನು ನೋಡಿರಿ. ಹಳಗನ್ನಡದ ಪೆರ್ ಎಂಬುದಕ್ಕೆ ಪಳ್ಳಿ ಸೇರಿ ಪೆರ್ಬಳ್ಳಿ. ಪಕಾರ ಹಕಾರವಾಗಿ, ರೇಫ ಮುಂದಿನ ವ್ಯಂಜನದಲ್ಲಿ ಲೀನವಾಗಿ ಹೆಬ್ಬಳ್ಳಿ. ಹುಬ್ಬಳ್ಳಿಯ ಹಳೆಯ ರೂಪವೆಂದು ಪುರ್ಬಳ್ಳಿ ಎಂಬುದನ್ನು ಹೇಳುತ್ತಾರೆ. ಅದು ಹುಬ್ಬಳ್ಳಿಯಾದ ಬಗೆ ಇದೇ ಜಾಡಿನದು. ಹೂವಿನ ಬಳ್ಳಿಯಿಂದ ಹುಬ್ಬಳ್ಳಿಯಾಯಿತೆಂಬ ಜನಪ್ರಿಯ ವಿವರಣೆ ಕಿವಿಗೆ ಇಂಪಾಗಿದೆ, ಆದರೆ ಹೆಬ್ಬಳ್ಳಿಯ ಪಕ್ಕದಲ್ಲಿಟ್ಟು ನೋಡಿದಾಗ ನಿಲ್ಲುವುದು ಕಷ್ಟ. ಹುಬ್ಬಳ್ಳಿ ಒಂದೇ ಅಲ್ಲವೆಂಬುದೂ ಗಮನಾರ್ಹ. ಧಾರವಾಡ ತಾಲೂಕಿನಲ್ಲಿ ದೇವರ ಹುಬ್ಬಳ್ಳಿಯಿದೆ; ಬೆಳಗಾವಿ ಜಿಲ್ಲೆಯ ಮಲಪ್ರಭೆಯ ತಡಿಯಲ್ಲಿ, ಗಂಗಾಂಬಿಕೆಯವರ ಐಕ್ಯಸ್ಥಳವಿರುವ ಮುಗುಟಖಾನ ಹುಬ್ಬಳ್ಳಿಯಿದೆ; ನಮ್ಮ ನಗರದ ಹಳೆಯ ಭಾಗಕ್ಕೆ ರಾಯರ ಹುಬ್ಬಳ್ಳಿಯೆಂಬ ಹೆಸರಿತ್ತು. ಆದುದರಿಂದ ಬರಿಯ ಹೆಸರನ್ನು ಬರೆದಿಟ್ಟರೆ ಸಾಲದು, ನೆಲೆಯನ್ನೂ ಬರೆಯಬೇಕು.

ನಮ್ಮ ಸೀಮೆಯ ಭೂಮಾಪನೆ ಮುಂಬಯಿ ಸರಕಾರದ ಆಡಳಿತದಲ್ಲಿ, ೧೮೪೦ರ ದಶಕದಲ್ಲಿ ನಡೆಯಿತು. ಅದರ ಉದ್ದೇಶ ಕಂದಾಯ. ಹೊಲಕ್ಕೆ ಸರ್ವೆ ನಂಬರು ಬಂದ ದಿನದಿಂದ ಹೊಲದ ಹೆಸರು ಕಾಗದಕ್ಕೆ ಬೇಡವಾಯಿತು. ಕಚೇರಿಯಲ್ಲಿ ಆಗ ಮರಾಠಿಯ ಪ್ರಾಬಲ್ಯ. ಕನ್ನಡದ ಹೆಸರುಗಳು ಮೊದಲು ಮರಾಠಿಯ ಬಾಯಲ್ಲಿ ಹೊರಳಿ, ಬಳಿಕ ಇಂಗ್ಲಿಷಿನ ಲಿಪಿಗೆ ಇಳಿದವು. ಆ ಲಿಪಿಗೆ ಲಕಾರ ಳಕಾರಗಳ ಭೇದವಿಲ್ಲ, ಹ್ರಸ್ವ ದೀರ್ಘಗಳ ನಿಯಮವಿಲ್ಲ. ಹಳ್ಳ, ಹಾಳ, ಹಾಲು ಎಂಬ ಮೂರು ಬೇರೆ ಬೇರೆ ಮಾತುಗಳು ಅಲ್ಲಿ ಹೆಚ್ಚು ಕಡಿಮೆ ಒಂದೇ ಆಗಿಬಿಡುತ್ತವೆ. ೨೦೧೪ರ ನವೆಂಬರ್ ೧ರಂದು ಹನ್ನೆರಡು ನಗರಗಳ ಇಂಗ್ಲಿಷ್ ಬರಹವನ್ನು ಸರಕಾರ ತಿದ್ದಿದಾಗ ಹುಬ್ಬಳ್ಳಿಗೂ ಅದರ ಸ್ವರೂಪ ಮರಳಿ ಬಂದಿತು. ಸಂತೋಷದ ಸಂಗತಿಯೇ. ಆದರೆ ಉಣಕಲ್ಲಿನ, ನವಲೂರಿನ, ತಾರಿಹಾಳದ ಹೊಲದಂಚಿನ ಹೆಸರುಗಳನ್ನು ತಿದ್ದಲು ಅವು ಮೊದಲು ಎಲ್ಲಿಯಾದರೂ ಬರೆಯಲ್ಪಟ್ಟಿರಬೇಕಷ್ಟೆ.

ಲಿಪಿಯಿಂದಷ್ಟೇ ಅಲ್ಲ, ನಮ್ಮ ಬಾಯಿಂದಲೂ ಹೆಸರು ಮಸುಕಾಗುತ್ತದೆ. ಕೆರೆ ಮತ್ತು ಕೇರಿ ಇದಕ್ಕೆ ಒಳ್ಳೆಯ ನಿದರ್ಶನ. ಮನೆಯನ್ನು ಮನಿ ಎನ್ನುವ ನಾವು ಕೆರೆಯನ್ನು ಕೆರಿ ಎನ್ನುತ್ತೇವೆ. ಬರೆಯುವಾಗ ಅದು ಕೇರಿಯಾಗುತ್ತದೆ. ಬೇಂದ್ರೆಯವರ ಮನೆಯಿಂದ ಪ್ರಸಿದ್ಧವಾದ ಸಾಧನಕೇರಿಯಲ್ಲಿರುವುದು ಕೆರೆ. ನುಗ್ಗಿಕೇರಿಯಲ್ಲಿರುವುದೂ ಕೆರೆಯೇ. ಅಣ್ಣಿಗೇರಿಯೆಂದು ಇಂದು ಬರೆಯುವ ಊರು ಶಾಸನಗಳಲ್ಲಿ ಅಣ್ಣಿಗೆರೆ. ಹೀಗಿರುವಾಗ ಹೆಸರಿನ ಕೊನೆಯಲ್ಲಿ ಕೇರಿ ಬಂದಲ್ಲೆಲ್ಲ ಜನವಸತಿಯ ಓಣಿಯೆಂದು ತಿಳಿಯುವುದು ತಪ್ಪು, ಕೆರೆಯೆಂದೇ ತಿಳಿಯುವುದೂ ತಪ್ಪು. ಹಳಗನ್ನಡದಲ್ಲಿ ಕೆಱೆಗೆ ಶಕಟರೇಫೆ, ಕೇರಿಗೆ ಸಾಮಾನ್ಯ ರೇಫೆ. ಹತ್ತನೆಯ ಅಥವಾ ಹನ್ನೊಂದನೆಯ ಶತಮಾನದ ಒಂದು ಶಾಸನ ಸಿಕ್ಕರೆ ಆ ಒಂದು ಅಕ್ಷರವೇ ವ್ಯಾಜ್ಯವನ್ನು ತೀರಿಸಬಲ್ಲುದು.

ಇದು ಬರಿಯ ಭಾಷಾಶಾಸ್ತ್ರದ ಚರ್ಚೆಯಲ್ಲ, ನಮ್ಮ ಶ್ರದ್ಧೆಯ ಹತ್ತಿರಕ್ಕೂ ಬರುತ್ತದೆ. ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನವರ ಸಮಾಧಿಯಿದೆ. ಕಲ್ಯಾಣದ ಕ್ರಾಂತಿಯ ತರುವಾಯ ಉಳವಿಯ ಕಡೆಗೆ ನಡೆದ ಶರಣರಲ್ಲಿ ಕಕ್ಕಯ್ಯನವರು ಅಲ್ಲಿ ಲಿಂಗೈಕ್ಯರಾದರೆಂದೂ ಅವರಿಂದಲೇ ಊರಿಗೆ ಆ ಹೆಸರು ಬಂದಿತೆಂದೂ ಐತಿಹ್ಯ. ಇನ್ನೊಂದು ಕಡೆ ನೋಡಿದರೆ, ಚಿನ್ನದ ಬಣ್ಣದ ಹೂ ಬಿಡುವ ಕಕ್ಕೆಯ ಮರ ಆ ಸೀಮೆಗೆ ಹೊಸದಲ್ಲ. ನುಗ್ಗೆಯ ಕೆರೆ ನುಗ್ಗಿಕೇರಿಯಾದಂತೆ ಕಕ್ಕೆಯ ಕೆರೆ ಕಕ್ಕೇರಿಯಾಗಬಹುದು. ಭಕ್ತರಿಗೆ ಮೊದಲನೆಯದು ಪ್ರಿಯ, ಭಾಷಾಶಾಸ್ತ್ರಜ್ಞರಿಗೆ ಎರಡನೆಯದು ಪ್ರಿಯ. ಹೆಸರನ್ನು ಬರೆದುಕೊಳ್ಳುವವನು ಏನು ಮಾಡಬೇಕು? ಎರಡನ್ನೂ ಬರೆಯಬೇಕು, ಯಾವುದನ್ನೂ ಇನ್ನೊಂದರ ಮೇಲೆ ಹೇರಬಾರದು. ಊರವರ ಮಾತು ಊರವರದೆಂದು, ಪಂಡಿತರ ಊಹೆ ಪಂಡಿತರದೆಂದು ಬೇರೆ ಬೇರೆ ಅಂಕಣದಲ್ಲಿ ಇರಲಿ. ಹೆಸರು ಮರದಿಂದಲೇ ಬಂದಿತೆಂದು ನಾಳೆ ಸಿದ್ಧವಾದರೂ ಕಕ್ಕಯ್ಯನವರ ಸಮಾಧಿ ಅಲ್ಲಿಂದ ಕದಲುವುದಿಲ್ಲ. ಶರಣರ ಹಿರಿಮೆಗೆ ವ್ಯುತ್ಪತ್ತಿಯ ಊರುಗೋಲು ಬೇಕಿಲ್ಲ.

ವಚನಗಳ ಸಂಪಾದನೆಯನ್ನು ಅರಿತವರಿಗೆ ಈ ಕ್ರಮ ಅಪರಿಚಿತವಲ್ಲ. ಧಾರವಾಡದಲ್ಲಿಯೇ ಹುಟ್ಟಿದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಡೋಲೆಗಳನ್ನು ಹುಡುಕಿ ವಚನಗಳನ್ನು ಉಳಿಸಿದರು. ಪ್ರತಿಯಿಂದ ಪ್ರತಿಗೆ ಪಾಠ ಬೇರೆಯಾದಾಗ ಒಳ್ಳೆಯ ಸಂಪಾದಕನು ತನಗೆ ಹಿಡಿಸಿದ್ದನ್ನು ಇಟ್ಟು ಉಳಿದುದನ್ನು ಒಗೆಯುವುದಿಲ್ಲ. ಪಾಠಾಂತರಗಳನ್ನೆಲ್ಲ ಅಡಿಯಲ್ಲಿ ಕೊಡುತ್ತಾನೆ. ಸ್ಥಳನಾಮಕ್ಕೂ ಪಾಠಾಂತರಗಳುಂಟು, ಪ್ರಕ್ಷಿಪ್ತಗಳೂ ಉಂಟು. ಹರಿಹರನಲ್ಲಿ ಕಪ್ಪಡಿಸಂಗಮವೆಂದು ಬರುವ ಕ್ಷೇತ್ರವೇ ಕೂಡಲಸಂಗಮ. ಕೂಡಲು ಎಂದರೂ ಸಂಗಮ, ಸಂಗಮ ಎಂದರೂ ಕೂಡಲು. ಕನ್ನಡದ ಹೆಸರಿನ ಮೇಲೆ ಸಂಸ್ಕೃತದ ಹೆಸರು ಕುಳಿತರೂ ಕೆಳಗಿನದು ಅಳಿಯಲಿಲ್ಲ. ಶಂ. ಬಾ. ಜೋಶಿಯವರು ಮಹಾರಾಷ್ಟ್ರದೊಳಗಿನ ಊರ ಹೆಸರುಗಳಿಂದ ಕನ್ನಡದ ಹಳೆಯ ಹರವನ್ನು ತೋರಿಸಲು ಹೊರಟದ್ದು ಇಂಥ ಕುರುಹುಗಳನ್ನು ಹಿಡಿದೇ. ಎಂ. ಎಂ. ಕಲಬುರ್ಗಿಯವರ 'ಕನ್ನಡ ನಾಮವಿಜ್ಞಾನ' ಈ ಅಭ್ಯಾಸಕ್ಕೊಂದು ಶಾಸ್ತ್ರದ ಚೌಕಟ್ಟನ್ನು ಒದಗಿಸಿತು.

ಹೆಸರುಗಳನ್ನು ನಕಾಶೆಯ ಮೇಲೆ ಕೂಡಿಸಿದಾಗ ಏನು ಲಾಭವೆಂಬುದಕ್ಕೆ ಧಾರವಾಡವೇ ಉದಾಹರಣೆ. ಊರಲ್ಲಿ ಹೆಬ್ಬಳ್ಳಿ ಅಗಸಿಯಿದೆ, ನವಲೂರ ಅಗಸಿಯಿದೆ. ಅಗಸಿಯೆಂದರೆ ಊರ ಬಾಗಿಲು. ಅದು ಯಾವ ಊರಿಗೆ ಮುಖ ಮಾಡಿದೆಯೋ ಆ ಊರ ಹೆಸರು ಅದಕ್ಕೆ. ಇಂದು ಬಾಗಿಲಿನ ಆಚೆಗೂ ಈಚೆಗೂ ಮನೆಗಳೇ. ಆದರೂ ಅಗಸಿಯ ಹೆಸರುಳ್ಳ ತಾಣಗಳನ್ನು ಒಂದೊಂದಾಗಿ ಗುರುತಿಸಿ ಗೆರೆಯೆಳೆದರೆ ಹಳೆಯ ಊರು ಎಲ್ಲಿಗೆ ಮುಗಿಯುತ್ತಿತ್ತು, ಯಾವ ದಾರಿ ಎತ್ತ ಹೊರಡುತ್ತಿತ್ತು ಎಂಬುದು ಕಾಣತೊಡಗುತ್ತದೆ. ಅತ್ತಿಕೊಳ್ಳ, ಗುಲಗಂಜಿಕೊಪ್ಪ, ಮಾಳಮಡ್ಡಿಗಳು ಆ ಊರ ಹೊರಗಿನ ಕೊಳ್ಳ, ಕೊಪ್ಪ, ಮಡ್ಡಿಗಳಾಗಿದ್ದವು; ಈಗ ನಗರದ ಒಡಲೊಳಗಿವೆ. ಹುಬ್ಬಳ್ಳಿಯ ಅಕ್ಕಿಹೊಂಡದಲ್ಲಿ ಇಂದು ಕಾಣುವುದು ಅಂಗಡಿ, ಚೀಲ, ಬಂಡಿಗಳ ಗದ್ದಲ; ಹೊಂಡ ಉಳಿದಿರುವುದು ಹೆಸರಿನಲ್ಲಿ. ದುರ್ಗದ ಬೈಲಿನಲ್ಲಿ ದುರ್ಗವೂ ಇಲ್ಲ, ಬಯಲೂ ಇಲ್ಲವೆನ್ನುವಷ್ಟು ಸಂದಣಿ. ತೊರವಿಹಕ್ಕಲವೆಂಬ ಬಡಾವಣೆಯ ಹೆಸರಿನಲ್ಲಿ ಹಕ್ಕಲೆಂಬ ಒಕ್ಕಲುತನದ ಮಾತು ಇನ್ನೂ ಉಸಿರಾಡುತ್ತಿದೆ. ಹೊಸ ಬಡಾವಣೆಗಳಲ್ಲಿ ಇಷ್ಟೂ ಉಳಿಯುವುದಿಲ್ಲ. ೧೯೬೨ರಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರಪಾಲಿಕೆಯಾದಾಗ ಎರಡು ಊರುಗಳ ನಡುವೆ ಹೊಲಗಳಿದ್ದವು. ಇಂದು ಆ ಹೊಲಗಳು ನಿವೇಶನಗಳಾಗಿ, ಒಂದೊಂದೂ ಯಾವುದೋ ನಗರ, ಯಾವುದೋ ಕಾಲೊನಿ, ಯಾವುದೋ ಎನ್‌ಕ್ಲೇವ್ ಆಗಿ ನಿಂತಿವೆ.

ಕಲ್ಲುಗಳನ್ನೂ ಮರೆಯಬಾರದು. ಗುಡಿಗೂ ಮಠಕ್ಕೂ ಬಿಟ್ಟ ಭೂಮಿಯ ಮೇರೆಯಲ್ಲಿ ಲಿಂಗಮುದ್ರೆಯ ಕಲ್ಲನ್ನು ನೆಡುತ್ತಿದ್ದರು. ಬಸದಿಯ ಭೂಮಿಗೆ ಮುಕ್ಕೊಡೆಯ ಕಲ್ಲು, ವಿಷ್ಣುವಿನ ಗುಡಿಗೆ ವಾಮನಮುದ್ರೆಯ ಕಲ್ಲು. ದಾನಶಾಸನಗಳು ಮೇರೆಯನ್ನು ಹೇಳುವಾಗ ಹಳ್ಳ, ಹುತ್ತ, ಹುಣಿಸೆಯ ಮರ, ನಟ್ಟ ಕಲ್ಲು ಎಂದು ದಿಕ್ಕುದಿಕ್ಕಿಗೆ ಎಣಿಸುತ್ತವೆ. ಮರ ಒಣಗಿ ಹುತ್ತ ಕರಗಿದ ಮೇಲೆ ಶಾಸನದ ಭೂಮಿಯನ್ನು ನೆಲದ ಮೇಲೆ ತೋರಿಸಿಕೊಡುವ ಸಾಕ್ಷಿಯೆಂದರೆ ಹಳ್ಳದ ಹೆಸರು ಮತ್ತು ಆ ಕಲ್ಲು. ಅಕ್ಷರವಿಲ್ಲದ ಕಲ್ಲೆಂದು ಅದನ್ನು ಯಾರೂ ಶಾಸನಸಂಪುಟದಲ್ಲಿ ಸೇರಿಸುವುದಿಲ್ಲ. ಜೆಸಿಬಿ ಬಂದ ದಿನ ಅದು ಬದುವಿನಿಂದ ಕಿತ್ತು ಮಣ್ಣಿನೊಡನೆ ಹೋಗುತ್ತದೆ.

ಉಳವಿಯ ದಾರಿಯ ವಿಷಯವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಚೆನ್ನಬಸವಣ್ಣನವರೊಡನೆ ಶರಣರು ನಡೆದ ಮಾರ್ಗವೆಂದು ಕಾದರವಳ್ಳಿ, ಕಕ್ಕೇರಿ ಮೊದಲಾದ ಊರುಗಳನ್ನು ಐತಿಹ್ಯವು ಹೇಳುತ್ತದೆ. ಅದನ್ನು ಇಂದಿನ ಡಾಂಬರು ರಸ್ತೆಗಳ ನಕಾಶೆಯ ಮೇಲೆ ಗೆರೆಯೆಳೆದು ತೋರಿಸುವ ಪದ್ಧತಿ ಬಂದಿದೆ. ಹನ್ನೆರಡನೆಯ ಶತಮಾನದ ಜನ ಡಾಂಬರು ರಸ್ತೆಯಲ್ಲಿ ನಡೆಯಲಿಲ್ಲ. ಹಳ್ಳ ದಾಟಲು ಬರುವಲ್ಲಿ ದಾಟಿದರು, ನೀರಿರುವಲ್ಲಿ ಇಳಿದರು. ಆ ತಾಣಗಳ ಸುಳಿವು ಯಾರಲ್ಲಿದೆ? ಭಾರತ ಹುಣ್ಣಿವೆಯ ಉಳವಿ ಜಾತ್ರೆಗೆ ತಲೆತಲಾಂತರದಿಂದ ಚಕ್ಕಡಿ ಹೂಡಿಕೊಂಡು ಹೋಗುವ ಒಕ್ಕಲು ಮಕ್ಕಳಲ್ಲಿ. ಎತ್ತು ಬಿಡುವ ಕಟ್ಟೆ, ಬುತ್ತಿ ಬಿಚ್ಚುವ ಮರ, ಬಂಡಿ ಇಳಿಸುವ ಹಳ್ಳ, ಇವುಗಳಿಗೆಲ್ಲ ಅವರ ಬಾಯಲ್ಲಿ ಹೆಸರುಂಟು. ಈ ಹೆಸರುಗಳೆಲ್ಲ ಶರಣರ ಕಾಲದವೆಂದು ನಾನು ಹೇಳುತ್ತಿಲ್ಲ. ಆದರೆ ಅವುಗಳನ್ನು ಸಾಲಾಗಿ ಬರೆಯದೆ ಮಾರ್ಗದ ಚರ್ಚೆಯನ್ನು ಮಾಡುವುದು ತಾಡೋಲೆಯನ್ನು ಬಿಚ್ಚದೆ ವಚನದ ಅರ್ಥ ಹೇಳಿದಂತೆ.

ಬರೆಯುವ ಬಗೆ ಕಷ್ಟದ್ದಲ್ಲ. ಹೆಸರನ್ನು ಮೊದಲು ಹೇಳಿದವರ ಬಾಯಲ್ಲಿ ಬಂದಂತೆಯೇ ಬರೆಯಬೇಕು. ಯರಿ ಎಂದರೆ ಯರಿ, ಎರೆ ಎಂದು ತಿದ್ದಕೂಡದು. ಗ್ರಂಥಸ್ಥ ರೂಪಕ್ಕೆ ಮುಂದಿನ ಅಂಕಣವಿದೆ. ಉತಾರದಲ್ಲಿ, ಹಳೆಯ ಖರೀದಿಪತ್ರಗಳಲ್ಲಿ ಬೇರೆ ರೂಪವಿದ್ದರೆ ಅದನ್ನೂ ಇಡಬೇಕು. ಒಬ್ಬರ ಮಾತಿನ ಮೇಲೆ ನಿಲ್ಲದೆ ಕುರಿ ಕಾಯುವವರನ್ನು, ನೀರು ಹಾಯಿಸುವವರನ್ನು, ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳನ್ನು ಬೇರೆ ಬೇರೆಯಾಗಿ ಕೇಳಬೇಕು. ಒಂದೇ ಹೊಲಕ್ಕೆ ಅವರು ಬೇರೆ ಹೆಸರು ಹೇಳುವುದೂ ಉಂಟು. ಹೆಸರಿನ ಕಾರಣವನ್ನು ನಾವಾಗಿ ಸೂಚಿಸಿ ಕೇಳಬಾರದು. ನಮ್ಮ ಹಿರಿಯರು ಬಲು ಸಂಭಾವಿತರು. ಮಾಸ್ತರು ಹೌದೇ ಎಂದರೆ ಹೌದು ಎಂದುಬಿಡುತ್ತಾರೆ! ನೆಲೆಯ ಮಟ್ಟಿಗೆ ನಮ್ಮ ಕಾಲದವರಿಗಿಲ್ಲದ ಅನುಕೂಲ ಇಂದಿನ ವಿದ್ಯಾರ್ಥಿಗಳಿಗಿದೆ. ನಿಂತ ಜಾಗದ ಅಕ್ಷಾಂಶ ರೇಖಾಂಶಗಳನ್ನು ಕೈಯಲ್ಲಿನ ಮೊಬೈಲೇ ಹೇಳುತ್ತದೆ. 'ದಿಶಾಂಕ್' ಎಂಬ ಸರಕಾರಿ ಆ್ಯಪ್ ಆ ಜಾಗದ ಸರ್ವೆ ನಂಬರನ್ನು ತೋರಿಸುತ್ತದೆ. ಹೇಳಿದವರ ಧ್ವನಿಯನ್ನು ಅವರ ಅಪ್ಪಣೆ ಪಡೆದು ಹಿಡಿದಿಟ್ಟರೆ ಳಕಾರ ಲಕಾರಗಳ ಸಂದೇಹ ಮುಂದೆಂದೂ ಹುಟ್ಟುವುದಿಲ್ಲ.

ಒಂದು ಸೂಕ್ಷ್ಮವಿದೆ. ಕೆಲವು ಓಣಿಗಳ, ಬಾವಿಗಳ ಹೆಸರಿನಲ್ಲಿ ಜಾತಿಯನ್ನು ಹೀನಯಿಸುವ ಮಾತು ಅಂಟಿಕೊಂಡಿದೆ. ನೆರೆಯ ಮಹಾರಾಷ್ಟ್ರ ಸರಕಾರವು ೨೦೨೦ರ ಡಿಸೆಂಬರಿನಲ್ಲಿ ಇಂಥ ಹೆಸರುಗಳನ್ನು ಕೈಬಿಡಲು ನಿರ್ಧರಿಸಿತು. ಫಲಕದ ಮೇಲಿಂದ, ವ್ಯವಹಾರದ ನಕಾಶೆಯ ಮೇಲಿಂದ ಅವು ಹೋಗಬೇಕಾದುದೇ. ಕಕ್ಕಯ್ಯ, ಹರಳಯ್ಯ, ಚೆನ್ನಯ್ಯಗಳನ್ನು ಅಯ್ಯನೆಂದು ಕರೆದ ಪರಂಪರೆಯವರು ಇದರಲ್ಲಿ ಎರಡು ಮಾತಾಡಲಾರರು. ಆದರೆ ವಹಿಯಿಂದ ಅಳಿಸಬಾರದು. ಯಾರನ್ನು ಊರ ಯಾವ ಮೂಲೆಗೆ ನೂಕಲಾಗಿತ್ತು, ಅವರ ಬಾವಿ ಎಲ್ಲಿತ್ತು ಎಂಬುದಕ್ಕೆ ಹಲವೆಡೆ ಆ ಹೆಸರೊಂದೇ ಸಾಕ್ಷಿ. ಅಂಥ ಪುಟಗಳನ್ನು ಅಭ್ಯಾಸಿಗಳಿಗಷ್ಟೇ ತೆರೆದಿಡುವುದು ಯೋಗ್ಯವೆಂದು ತೋರುತ್ತದೆ.

ಎಲ್ಲಿಂದ ಆರಂಭಿಸಬೇಕೆಂದು ಕೇಳುವವರಿಗೆ ನನ್ನ ಉತ್ತರ ಸರಳವಾಗಿದೆ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಹೆದ್ದಾರಿಯ ಎರಡೂ ಮಗ್ಗುಲಿಗೆ ಉಣಕಲ್ಲು, ಭೈರಿದೇವರಕೊಪ್ಪ, ಅಮರಗೋಳ, ರಾಯಾಪುರ, ಸತ್ತೂರು, ನವಲೂರುಗಳಿವೆ. ಹೊಲಗಳು ಬೇಗ ಬೇಗ ಕರಗುತ್ತಿರುವುದು ಅಲ್ಲಿ. ಬೇಸಿಗೆಯ ರಜೆಯಲ್ಲಿ ಒಂದೊಂದು ಊರಿಗೆ ಇಬ್ಬರು ವಿದ್ಯಾರ್ಥಿಗಳು, ಒಂದೊಂದು ದಪ್ಪ ವಹಿ. ಮುಂಜಾನೆ ಹೊಲಕ್ಕೆ ಹೊರಡುವವರೊಡನೆ ಹೋಗುವುದು, ಸಂಜೆ ಕಟ್ಟೆಯ ಮೇಲೆ ಕೂತವರಿಗೆ ಓದಿ ತೋರಿಸಿ ತಿದ್ದಿಸಿಕೊಳ್ಳುವುದು. ಅಮರಗೋಳದ ಶಂಕರಲಿಂಗನ ಗುಡಿಯ ಸುತ್ತಿನ ಹೊಲಗಳಿಂದ ಮೊದಲುಮಾಡಿ ನವಲೂರಿನ ಪೇರಲದ ತೋಟಗಳವರೆಗೆ ಬಂದರೆ ಮೊದಲ ವರ್ಷದ ಕೆಲಸ ಸಾಕು.